ವಿಜಯಪುರಕ್ಕೆ ಒಬ್ಬಳೇ, ಕೆಲಸವಿಲ್ಲದೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ದೊಡ್ಡ ಊರು ಅಂದರೆ ವಿಜಯಪುರ. ದವಾಖಾನೆ, ಕೋರ್ಟು, ಡಿ.ಸಿ. ಆಫೀಸು, ಮದುವೆಯ ಜವಳಿ ಅಂತ ಹೋಗುತ್ತೇವೆ, ಕೆಲಸ ಮುಗಿದದ್ದೇ ಬಸ್ಸು ಹಿಡಿಯುತ್ತೇವೆ. ಗೋಳಗುಮ್ಮಟ ನೋಡಿದ್ದು ಸಾಲಿ ಟ್ರಿಪ್ಪಿನಲ್ಲಿ, ಮಾಸ್ತರರ ಹಿಂದೆ ಓಡುತ್ತ. ಹೊರದೇಶದವರು ಹುಡುಕಿಕೊಂಡು ಬರುವ ಈ ಊರನ್ನು ನಮ್ಮ ತಾಲ್ಲೂಕುಗಳ ಹೆಣ್ಣುಮಕ್ಕಳು ಒಂದು ದಿನವಾದರೂ ತಮಗಾಗಿ ನೋಡಬೇಕು ಎಂಬುದು ನನ್ನ ಹಟ. ಸಿಂದಗಿಯಿಂದ ಒಬ್ಬಳೇ ಹೋಗಿಬರುತ್ತ ಕಲಿತದ್ದು ಇಷ್ಟು.

1. ಕೈಯಲ್ಲಿ ಕೆಲಸದ ಚೀಲ ಬೇಡ. "ಹೆಂಗೂ ಹೊಂಟೀದಿ, ಬರ್ತಾ ಮಿಕ್ಸಿ ರಿಪೇರಿ ಮಾಡಿಸ್ಕೊಂಡ ಬಾ" ಎಂದು ಮನೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಒಪ್ಪಿದರೆ ಅರ್ಧ ದಿನ ಅಂಗಡಿಯ ಮುಂದೆ ಕಳೆಯಿತು. ಆ ಕೆಲಸಕ್ಕೆ ಇನ್ನೊಂದು ದಿನ ಹೋಗುತ್ತೇನೆ ಎಂದು ಮೊದಲೇ ಹೇಳಿಬಿಡಿ.

2. ಬಸ್ಸಿನ ಖರ್ಚು ಈಗ ನೆಪವಾಗಿ ಉಳಿದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಆಧಾರ್ ಕಾರ್ಡು ಇಟ್ಟುಕೊಂಡರೆ ಸಾಕು. ದುಡ್ಡಿಗಿಂತ ದೊಡ್ಡ ತಡೆ "ಜೋಡಿ ಯಾರವ್ವಾ?" ಎಂಬ ಪ್ರಶ್ನೆ. ಯಾವ ಬಸ್ಸಿಗೆ ಹೋಗುತ್ತೇನೆ, ಯಾವುದಕ್ಕೆ ಬರುತ್ತೇನೆ ಎಂದು ಚೀಟಿಯಲ್ಲಿ ಬರೆದು ಅತ್ತೆಯವರ ಕೈಗೆ ಕೊಟ್ಟೆ. ಅವರ ಅಂಜಿಕೆ ಕಮ್ಮಿಯಾಯಿತು, ನನ್ನದೂ. ಬಾಗೇವಾಡಿಯವರಿಗೆ ದಾರಿ ಹತ್ತಿರ. ಮುದ್ದೇಬಿಹಾಳದವರು ಮೊದಲ ಬಸ್ಸಿಗೇ ಹೊರಡಬೇಕು.

3. ಗುಮ್ಮಟಕ್ಕೆ ಬೆಳಿಗ್ಗೆಯೇ ಹೋಗಿ. ಮೂಲೆಯ ಮಿನಾರಿನೊಳಗಿನ ಇಕ್ಕಟ್ಟು ಮೆಟ್ಟಿಲು ಏಳು ಅಂತಸ್ತು ಹತ್ತಿಸುತ್ತದೆ, ಮೊಣಕಾಲು ಹಿಡಿಯುತ್ತವೆ. ನಡುವೆ ಕೂತು ಏಳಿ, ಯಾರೂ ಕಾಯುತ್ತಿಲ್ಲ. ಮಂದಿ ಕೂಡಿದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೇಳುವುದು ಕೂಗು, ಶಿಳ್ಳೆ ಮಾತ್ರ. ಗದ್ದಲವಿಲ್ಲದ ಹೊತ್ತಿನಲ್ಲಿ ಗೋಡೆಗೆ ಕಿವಿ ಹಚ್ಚಿ ಕೂತರೆ ಆಚೆ ಬದಿಯವರು ಸಣ್ಣಗೆ ಆಡಿದ ಮಾತು ಪಕ್ಕದಲ್ಲೇ ಕೇಳುತ್ತದೆ. ನಾನು ನನ್ನ ಹೆಸರನ್ನೇ ಮೆಲ್ಲಗೆ ಹೇಳಿ, ಅದು ಮತ್ತೆ ಮತ್ತೆ ತಿರುಗಿ ಬರುವುದನ್ನು ಕೇಳಿದ್ದೇನೆ. ಜೋಡಿಯವರಿದ್ದರೆ ಅಷ್ಟು ಹೊತ್ತು ಸುಮ್ಮನೆ ಕೂಡಲಿಕ್ಕೆ ಬಿಡುತ್ತಿರಲಿಲ್ಲ.

ಕೆಳಗಿಳಿದು ನಡುಮಂಟಪದಲ್ಲಿ ನಿಂತು ತಲೆ ಎತ್ತಿ. ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ಆಧಾರಕ್ಕೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳು ಚೌಕದ ಕೋಣೆಯನ್ನು ದುಂಡಿಗೆ ತಂದು ಭಾರವನ್ನು ಗೋಡೆಗೆ ದಾಟಿಸುತ್ತವೆ. ಆ ಕಮಾನುಗಳನ್ನು ಒಂದೊಂದಾಗಿ ಕಣ್ಣಿನಿಂದ ಹಿಂಬಾಲಿಸಿದಾಗಲೇ ನನಗೆ ಈ ಕಟ್ಟಡ ತಿಳಿದದ್ದು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ ಇಲ್ಲೇ ಮಲಗಿದ್ದಾನೆ.

4. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ ಶುಕ್ರವಾರ ಮುಚ್ಚಿರುತ್ತದೆ. ಜುಮ್ಮಾ ಮಸೀದಿಯಲ್ಲೂ ಅಂದು ನಮಾಜಿನ ದಟ್ಟಣೆ. ಬೇರೆ ದಿನ ಆರಿಸಿ.

5. ಮೂಡಣದಿಂದ ಪಡುವಣಕ್ಕೆ ಸಾಗಿ. ಗುಮ್ಮಟ ಊರಿನ ಮೂಡಲಿಗೆ, ಗಗನ ಮಹಲ್, ಬಾರಾ ಕಮಾನು ನಡುವೆ, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ, ಇಬ್ರಾಹಿಂ ರೋಜಾ ಪಡುವಲಿಗೆ. ಹೀಗೆ ಹೋದರೆ ಒಂದೇ ದಾರಿಯಲ್ಲಿ ಎರಡು ಸಲ ತಿರುಗುವುದು ತಪ್ಪುತ್ತದೆ. ಶೇರ್ ಆಟೋ ಸಿಗುತ್ತವೆ, ಟಾಂಗಾ ಕಂಡರೆ ಹತ್ತಿ. "ಅಕ್ಕಾರ, ಎಲ್ಲಾ ತೋರಸ್ತೀನಿ ಬರ್ರಿ" ಎನ್ನುವವರಿಗೆ ಒಂದು ಜಾಗದ ಬಾಡಿಗೆಯನ್ನಷ್ಟೇ ಕೇಳಿ. ಇಡೀ ದಿನ ಗೊತ್ತು ಮಾಡಿದರೆ ಅವರ ಗಡಿಯಾರಕ್ಕೆ ನೀವು ನಡೆಯಬೇಕಾಗುತ್ತದೆ.

6. ಮಧ್ಯಾಹ್ನ ಖಾನಾವಳಿಗೆ ಧೈರ್ಯವಾಗಿ ಒಳಗೆ ಹೋಗಿ. ಗಂಡಸರೇ ತುಂಬಿರುತ್ತಾರೆ, ಇರಲಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. "ಒಬ್ಬಾಕಿನ ಬಂದೀಯೇನವಾ?" ಎಂದು ಬಡಿಸುವ ಹೆಣ್ಣುಮಗಳು ಕೇಳಿದಾಗ "ಹೂಂ ಅಕ್ಕಾ, ಊರು ನೋಡಾಕ" ಎಂದೆ. ಇನ್ನೊಂದು ರೊಟ್ಟಿ ಹಾಕಿ ಪಕ್ಕದಲ್ಲೇ ಕೂತರು.

7. ಕಡೆಯ ತಾಸುಗಳು ಇಬ್ರಾಹಿಂ ರೋಜಾಕ್ಕೆ ಇರಲಿ. ಎರಡನೇ ಇಬ್ರಾಹಿಂ ಆದಿಲ್ ಶಾಹ ಮತ್ತು ರಾಣಿ ತಾಜ್ ಸುಲ್ತಾನಾ ಅವರ ಗೋರಿ ಇಲ್ಲಿದೆ; ಕಟ್ಟಿದವನು ಮಲಿಕ್ ಸಂದಲ್. ಸಂಗೀತದ ಮೇಲೆ 'ಕಿತಾಬ್-ಎ-ನವರಸ್' ಬರೆದು ಸರಸ್ವತಿಯನ್ನು ಸ್ತುತಿಸಿದ ಸುಲ್ತಾನ ಈ ಇಬ್ರಾಹಿಮನೇ. ಗೋಡೆ, ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರವಾಗಿ ಕೊರೆದಿದ್ದಾರೆ. ಇಳಿಬಿಸಿಲು ಆ ಜಾಲಿಯೊಳಗೆ ಹಾಯುವಾಗ ಕೈಚೀಲ ಬದಿಗಿಟ್ಟು ಕೂತು ನೋಡಬೇಕು. ಗುಮ್ಮಟದ ಗಾತ್ರ ಬೆರಗು ಹುಟ್ಟಿಸುತ್ತದೆ ನಿಜ, ಆದರೆ ವಿಜಯಪುರದಲ್ಲಿ ಒಂದನ್ನೇ ನೋಡಲು ಹೊತ್ತಿದ್ದರೆ ನಾನು ಕಳಿಸುವುದು ರೋಜಾಕ್ಕೆ.

8. ಶೌಚಾಲಯ ಕಂಡಲ್ಲಿ ಹೋಗಿಬಿಡಿ. ನಮ್ಮ ಹೆಣ್ಣುಮಕ್ಕಳು ಇದಕ್ಕಾಗಿಯೇ ಇಡೀ ದಿನ ನೀರು ಕುಡಿಯದೆ ತಿರುಗಿ ತಲೆನೋವು ತಂದುಕೊಳ್ಳುತ್ತಾರೆ. ಪುರಸಭೆ, ನಗರಪಾಲಿಕೆಗಳಿಗೆ ಈ ಬೇಡಿಕೆಯನ್ನು ನಾವು ಗಟ್ಟಿಯಾಗಿ ಇಡಬೇಕು.

9. ಕಲ್ಲಿನ ಕಟ್ಟಡ ಬೇಡವೆನ್ನುವವರು ಫ.ಗು. ಹಳಕಟ್ಟಿಯವರ ಜಾಡು ಹಿಡಿಯಬಹುದು. ವಕೀಲರಾಗಿ ಈ ಊರಿಗೆ ಬಂದವರು ತಾಡೋಲೆ ಹುಡುಕುತ್ತ ಮನೆಮನೆ ಅಲೆದರು, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಅವರ ಹೆಸರಿನ ಸಂಶೋಧನ ಕೇಂದ್ರ ಬಿ.ಎಲ್.ಡಿ.ಇ. ಸಂಸ್ಥೆಯಲ್ಲಿದೆ. ಬಸವಣ್ಣ ಹುಟ್ಟಿದ ಬಾಗೇವಾಡಿಯಿಂದ ಬರುವವರಿಗಂತೂ ಇದು ಮನೆಯ ಮಾತೇ.

10. ಕೊನೆಯ ಬಸ್ಸನ್ನು ನೆಚ್ಚಬೇಡಿ, ಅದರ ಹಿಂದಿನದಕ್ಕೆ ಬನ್ನಿ.

11. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲ್ಲಿನ ಮೇಲೆ ಕಾಲಿಡಲಾಗದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಊರು ಮಂದಿಯಿಂದ ತುಂಬಿರುತ್ತದೆ. ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ. ಈ ಸಲದ ಚಳಿಗಾಲಕ್ಕೆ ಒಂದು ದಿನ ಗೊತ್ತು ಮಾಡಿ, ಮನೆಯಲ್ಲಿ ಇವತ್ತೇ ಹೇಳಿಬಿಡಿ.