ಡೈಪರ್ ಬಿಚ್ಚಿ ಒಮ್ಮೆ ನೋಡೇ ತಾಯಿ

ಕೂಸು ಹುಟ್ಟಿ ತಿಂಗಳಾಗಿಲ್ಲ, ಆಗಲೇ ಮೊಬೈಲ್ ತುಂಬ ಅವನದೇ ಫೋಟೊ. ನಕ್ಕರೊಂದು, ಆಕಳಿಸಿದರೊಂದು. ಇರಲಿ, ಸಂಭ್ರಮ ನಿನ್ನದು. ಆದರೆ ಅವನು ಉಚ್ಚೆ ಹೊಯ್ಯುವುದನ್ನು ಕಣ್ಣಾರೆ ನೋಡಿದ್ದೀಯೇನೆ? ಹಗಲೂ ರಾತ್ರಿ ಡೈಪರ್ ಬಿಗಿದರೆ ಎಲ್ಲಿಂದ ಕಂಡೀತು! ಹಗಲು ಹೊತ್ತು ಹಳೇ ಪಂಚೆಯ ಮೇಲೆ ಮಲಗಿಸು. ಒಗೆಯೋಕೆ ನಾನಿದ್ದೀನಿ.

ಗಂಡು ಕೂಸಿನ ಉಚ್ಚೆ ಚಿಮ್ಮಬೇಕು, ನಿನ್ನ ಸೀರೆ ನೆನೆಯಬೇಕು. ಮುಕ್ಕಿ ಮುಕ್ಕಿ ಹನಿ ಹನಿ ಬಂದರೆ ಸುಮ್ಮನಿರಬೇಡ. ಅಪರೂಪಕ್ಕೆ ಕೆಲವು ಗಂಡು ಕೂಸುಗಳ ಮೂತ್ರನಾಳದೊಳಗೆ ಹುಟ್ಟಿನಿಂದಲೇ ತೆಳ್ಳನೆ ಪೊರೆ ಅಡ್ಡ ಇರುತ್ತದೆ. ಡಾಕ್ಟರು ಅದಕ್ಕೆ ವಾಲ್ವ್ ಅಂತಾರೆ. ಉಚ್ಚೆ ಹಿಂದಕ್ಕೆ ಒತ್ತಿ ಮೂತ್ರಕೋಶ ಊದುತ್ತದೆ, ಕೊನೆಗೆ ಕಿಡ್ನಿಗೇ ಏಟು. ಸಾಮಾನ್ಯವಾಗಿ ಹೊಟ್ಟೆ ಕೊಯ್ಯದೆ, ಮೂತ್ರದ ಹಾದಿಯಲ್ಲೇ ಸಣ್ಣ ದುರ್ಬೀನು ಇಳಿಸಿ ಆ ಪೊರೆ ತೆಗೆಯುತ್ತಾರೆ. ಬಸುರಿನ ಸ್ಕ್ಯಾನಿನಲ್ಲಿ 'ಕಿಡ್ನಿ ಊದಿದೆ' ಅಂತ ಬರೆದಿದ್ದರೆ ಆ ಚೀಟಿಯನ್ನು ಬೀರುವಿನಲ್ಲಿ ಮುಚ್ಚಿಡಬೇಡ, ಮಕ್ಕಳ ಡಾಕ್ಟರಿಗೆ ತೋರಿಸು.

ಎಣ್ಣೆ ಹಚ್ಚುವಾಗ ಬೆನ್ನಿನ ಬುಡ ಸವರಿ ನೋಡು. ಅಲ್ಲಿ ಆಳದ ಗುಳಿಯೋ, ಕೂದಲ ಕುಚ್ಚೋ, ಮೆತ್ತನೆ ಗಂಟೋ ಇದ್ದರೆ ಒಳಗೆ ನರದ ತೊಂದರೆ ಇರಬಹುದು. ನರ ಹೇಳದೆ ಮೂತ್ರಕೋಶ ಖಾಲಿಯಾಗದು. ನಿನ್ನ ತಂಗಿಗೆ ಹೆಣ್ಣು ಕೂಸಲ್ಲವಾ, ಅವಳಿಗೂ ಹೇಳು: ಕೆಲವು ಹೆಣ್ಣು ಕೂಸುಗಳ ಯೋನಿ ಪೊರೆಯಿಂದ ಮುಚ್ಚಿಕೊಂಡು, ಒಳಗೆ ನೀರು ತುಂಬಿ ಮೂತ್ರದ ದಾರಿಯನ್ನು ಅದುಮುತ್ತದೆ. ಮುಂದೆ ರಾಗಿ ಸರಿ ಶುರು ಮಾಡಿದಾಗ ಕಕ್ಕ ಗಟ್ಟಿಯಾಗಿ ಕಟ್ಟಿಕೊಂಡರೂ ಅಷ್ಟೇ, ಉಚ್ಚೆ ನಿಲ್ಲಬಹುದು. ದೊಡ್ಡವನಿಗೆ ತಂದು ಉಳಿದ ನೆಗಡಿ ಸಿರಪ್ ಇವನ ಬಾಯಿಗೆ ಬಿಡಬೇಡ. ಕೆಲವು ನೆಗಡಿ ಔಷಧಿಗಳೂ ಉಚ್ಚೆ ಕಟ್ಟಿಸುತ್ತವೆ. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಸೇರಿದ ಸಿರಪ್ಪನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಸರ್ಕಾರವೇ 2023ರಲ್ಲಿ ಹೇಳಿದೆ.

ನಮ್ಮ ಕಡೆ ಇನ್ನೊಂದು ರೋಗ: ಏನೇ ಆದರೂ 'ಉಷ್ಣ'! ಹಿರಿಯೂರಿನ ಬಿಸಿಲಿಗೆ ಹಾಲು ಸಾಲದೆ ಉಚ್ಚೆ ಕಡಿಮೆಯಾಗುವುದುಂಟು, ನಿಜ. ಆದರೆ ಹೊಕ್ಕುಳ ಕೆಳಗೆ ಊದಿ, ಮುಟ್ಟಿದರೆ ಕಿರುಚುವ ಕೂಸಿಗೆ ಹರಳೆಣ್ಣೆ ಹಚ್ಚಿ ಕೂರಬೇಡ. ಹೊಟ್ಟೆ ಅದುಮಬೇಡ. ಓಂಕಾಳಿನ ನೀರೂ ಬೇಡ, 6 ತಿಂಗಳವರೆಗೆ ಎದೆಹಾಲೇ ಸಾಕು.

ಉಚ್ಚೆ ಕಟ್ಟಿದರೆ ಹೊಸದುರ್ಗವಿರಲಿ ಹೊಳಲ್ಕೆರೆಯಿರಲಿ, ಮೊದಲು ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗು, ಟ್ಯೂಬ್ ಹಾಕಿಸಿ ಮೂತ್ರ ಇಳಿಸು. ಮಕ್ಕಳ ಸರ್ಜನ್ ಬೇಕಾದರೆ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಅಲ್ಲಿದೆ. ಹುಟ್ಟಿ 24 ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ ನರ್ಸಿಗೆ ಹೇಳು. ಆಮೇಲೆ ಯಾವತ್ತಾದರೂ 8 ಗಂಟೆ ಬಟ್ಟೆ ಒಣಗೇ ಇದ್ದರೆ, ನಿಮ್ಮತ್ತೆ ಏನೇ ಅನ್ನಲಿ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡು.