ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ: ಪರಿಚಯದಿಂದ ವ್ಯಾಪಾರ ಬೆಳೆಸೋದು ಹೇಗೆ?

ನಮ್ಮ ಕ್ಯಾಂಪಸ್‌ಗಳಲ್ಲಿ ಸಣ್ಣ ವ್ಯಾಪಾರ ಮಾಡೋರಿಗೆ ಬರವಿಲ್ಲ. ಒಬ್ಬರು ಫೆಸ್ಟ್‌ಗೆ ಟೀ-ಶರ್ಟ್ ಪ್ರಿಂಟ್ ಮಾಡಿಸಿಕೊಡ್ತಾರೆ, ಇನ್ನೊಬ್ಬರು ಹುಟ್ಟುಹಬ್ಬಕ್ಕೆ ಕೇಕ್ ಮಾಡ್ತಾರೆ. ಮೊದಲ ಹತ್ತು ಗಿರಾಕಿಗಳು ಯಾರು? ರೂಮ್‌ಮೇಟ್, ಕ್ಲಾಸ್‌ಮೇಟ್, ಊರಲ್ಲಿರೋ ಚಿಕ್ಕಮ್ಮ. ಹನ್ನೊಂದನೆಯವರು ಎಲ್ಲಿಂದ ಬರಬೇಕು ಅನ್ನೋದೇ ಪ್ರಶ್ನೆ. ಪರಿಚಯದವರನ್ನ ಕೇಳೋಕೆ ಸಂಕೋಚ, ಕೇಳದಿದ್ದರೆ ವ್ಯಾಪಾರ ಇಲ್ಲ. ಅಕ್ಕಿಯನ್ನೂ ನೆಂಟರನ್ನೂ ಎರಡನ್ನೂ ಉಳಿಸಿಕೊಳ್ಳುವ ದಾರಿ ಇದೆಯಾ ಅಂತ ನೋಡೋಣ.

1. ಎಂಬತ್ತು ರೂಪಾಯಿಯ ಪಾಠ

1959ರ ಮಾರ್ಚ್ 15ರಂದು ಮುಂಬೈನ ಗಿರ್‌ಗಾಂವ್‌ನ ಒಂದು ಕಟ್ಟಡದ ತಾರಸಿ ಮೇಲೆ ಏಳು ಜನ ಹೆಂಗಸರು ಸೇರಿ ಹಪ್ಪಳ ಲಟ್ಟಿಸಿದರು. ಜಸ್ವಂತಿಬೆನ್ ಪೋಪಟ್ ಅವರಲ್ಲೊಬ್ಬರು. ಬಂಡವಾಳ, ಛಗನ್‌ಲಾಲ್ ಪಾರೇಖ್ ಎಂಬ ಸಮಾಜಸೇವಕರಿಂದ ಪಡೆದ 80 ರೂಪಾಯಿ ಸಾಲ. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅವನ್ನು ಕೊಂಡವರು ಭುಲೇಶ್ವರದ ಒಬ್ಬ ಪರಿಚಿತ ವ್ಯಾಪಾರಿ. ಅದೇ ಇವತ್ತಿನ ಲಿಜ್ಜತ್ ಪಾಪಡ್.

ಇಲ್ಲಿ ಕೆಲಸಗಾರರು, ಸಾಲ, ಮೊದಲ ಗಿರಾಕಿ ಎಲ್ಲವೂ ಪರಿಚಯದಿಂದಲೇ ಬಂದವು. ಆದರೆ ಎರಡು ವಿಷಯ ಗಮನಿಸಿ. ಶುರುವಿನಲ್ಲಿ ಅವರು ಎರಡು ದರ್ಜೆಯ ಹಪ್ಪಳ ಮಾಡ್ತಿದ್ದರು, ಸಾಧಾರಣದ್ದನ್ನು ಕಡಿಮೆ ಬೆಲೆಗೆ ಮಾರೋಣ ಅಂತ. ಒಂದೇ ಗುಣಮಟ್ಟ ಇರಲಿ, ಲೆಕ್ಕ ಸರಿಯಾಗಿ ಬರೆಯಿರಿ ಅಂದವರು ಆ ಸಾಲ ಕೊಟ್ಟ ಪಾರೇಖರೇ. ಇನ್ನೊಂದು, ನಷ್ಟವಾದರೂ ದಾನ ತಗೊಳ್ಳೋದಿಲ್ಲ ಅಂತ ಆ ಹೆಂಗಸರು ನಿರ್ಧರಿಸಿದ್ದರು. ಪರಿಚಯ ಬಾಗಿಲು ತೆರೆಯಿತು. ಒಳಗೆ ನಡೆದದ್ದು ಮಾತ್ರ ಪಕ್ಕಾ ವ್ಯಾಪಾರ.

2. ದೂರದ ಪರಿಚಯದ ಬೆಲೆ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದ್ದ 54 ಜನರನ್ನ ಅವರು ಕೇಳಿದ್ದು ಇಷ್ಟೇ: ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿ ಆಗ್ತಿದ್ರಿ? ‘ಆಗಾಗ್ಗೆ’ ಅಂದವರು ಶೇ. 16.7 ಮಾತ್ರ. ‘ಯಾವಾಗಲಾದರೊಮ್ಮೆ’ ಶೇ. 55.6, ‘ಅಪರೂಪಕ್ಕೆ’ ಶೇ. 27.8.

ಕಾರಣ ನಮಗೆ ಗ್ರಾಫ್ ಥಿಯರಿಯಲ್ಲಿ ಸುಲಭವಾಗಿ ಅರ್ಥವಾಗುತ್ತೆ. ನಮ್ಮ ಆಪ್ತರೆಲ್ಲ ಪರಸ್ಪರ ಆಪ್ತರೇ, ಅಂದರೆ ಒಂದೇ ಕ್ಲಸ್ಟರ್. ನಮಗೆ ಗೊತ್ತಿರೋದೇ ಅವರಿಗೂ ಗೊತ್ತು. ಎರಡು ಕ್ಲಸ್ಟರ್‌ಗಳನ್ನು ಜೋಡಿಸುವ ಬ್ರಿಡ್ಜ್ ಆಗೋದು ಹೆಚ್ಚಾಗಿ ದೂರದ ಪರಿಚಯ. ಇದು ಕೆಲಸ ಹುಡುಕಿದವರ ಲೆಕ್ಕ ನಿಜ, ಆದರೆ ಗಿರಾಕಿ ಹುಡುಕೋವಾಗಲೂ ಈ ತರ್ಕ ಕೆಲಸಕ್ಕೆ ಬರುತ್ತೆ. ಹತ್ತಿರದವರು ಮೊದಲ ಗಿರಾಕಿಗಳು. ಹನ್ನೊಂದನೆಯವರು ಪಿಯುಸಿ ಗೆಳೆಯನ ಕಾಲೇಜಲ್ಲೋ, ಅಕ್ಕನ ಆಫೀಸಲ್ಲೋ ಇರ್ತಾರೆ.

3. ಕೇಳುವ ಕ್ರಮ

ಆಪ್ತರ ಹತ್ತಿರ ಮೊದಲು ಕೇಳಬೇಕಾದ್ದು ಆರ್ಡರ್ ಅಲ್ಲ, ತಪ್ಪು. “ಚೆನ್ನಾಗಿದೆ ಕಣೋ” ಅನ್ನೋ ಮಾತಿಂದ ಏನೂ ತಿಳಿಯೋದಿಲ್ಲ. “ಎರಡು ಸಲ ಒಗೆದ ಮೇಲೆ ಪ್ರಿಂಟ್ ಹೇಗಿದೆ?” ಅಂತ ಕೇಳಿ.

ಆಮೇಲೆ ಬೆಲೆ. ಟೀ-ಶರ್ಟ್‌ಗೆ 220 ರೂಪಾಯಿ ಖರ್ಚಾಗಿ 300ಕ್ಕೆ ಮಾರುತ್ತೀರಿ ಅಂತಿಟ್ಕೊಳ್ಳಿ. ಗೆಳೆಯರಿಗೆ 270 ಅಂತ ಮೊದಲೇ ಹೇಳಿ, ಬಿಲ್‌ನಲ್ಲಿ 30 ರಿಯಾಯಿತಿ ಅಂತ ಬರೆಯಿರಿ. ಆಗ ಅವರು ಕಳಿಸಿದ ಹೊಸಬರು ಬಂದಾಗ 300 ಹೇಳೋಕೆ ಮುಜುಗರ ಇರೋದಿಲ್ಲ. ಅಡ್ವಾನ್ಸ್ ಎಲ್ಲರಿಗೂ ಒಂದೇ. ಉದ್ರಿ ಕೊಟ್ಟರೆ ದುಡ್ಡಿನ ಜೊತೆ ಗೆಳೆಯನೂ ಮುಖ ತಪ್ಪಿಸಿ ಓಡಾಡ್ತಾನೆ.

ಕೊನೆಗೆ ಪರಿಚಯ. “ನಿನ್ನ ಫ್ರೆಂಡ್ಸ್ ನಂಬರ್ ಎಲ್ಲಾ ಕಳಿಸು” ಅನ್ನಬೇಡಿ. “ನಿಮ್ಮ ಕಾಲೇಜಲ್ಲಿ ಫೆಸ್ಟ್ ನೋಡ್ಕೊಳ್ಳೋರು ಯಾರು? ಅವರಿಗೆ ನನ್ನ ನಂಬರ್ ಕೊಡ್ತೀಯಾ? ಬೇಡ ಅಂದ್ರೂ ಪರವಾಗಿಲ್ಲ” ಅಂತ ಕೇಳಿ. ಒಬ್ಬರ ಹೆಸರು, ಒಂದು ಕೆಲಸ, ಬೇಡ ಅನ್ನೋಕೆ ಜಾಗ. ಕೆಲಸ ಆದ ಮೇಲೆ ಪರಿಚಯ ಮಾಡಿಸಿದವರಿಗೆ “ಹೀಗಾಯ್ತು” ಅಂತ ಒಂದು ಮಾತು ತಿಳಿಸಿ. ತಮ್ಮ ಹೆಸರು ಕೆಟ್ಟಿಲ್ಲ ಅಂತ ಗೊತ್ತಾದರೆ ತಾನೇ ಅವರು ಇನ್ನೊಬ್ಬರಿಗೆ ಹೇಳೋದು?

4. ಎಲ್ಲಿ ನಿಲ್ಲಬೇಕು

“ನೀನು ಆರು ಜನರನ್ನ ಸೇರಿಸು, ಅವರು ತಲಾ ಆರು ಜನರನ್ನ ಸೇರಿಸ್ತಾರೆ” ಅಂತ ಯಾರಾದರೂ ಬಂದರೆ ಲೆಕ್ಕ ಹಾಕಿ: 6, 36, 216, 1,296, 7,776. 4,000 ವಿದ್ಯಾರ್ಥಿಗಳ ಕಾಲೇಜಾದರೆ ಐದನೇ ಹಂತಕ್ಕೆ ಜನರೇ ಸಾಲೋದಿಲ್ಲ. ದುಡ್ಡು ಕಳೆದುಕೊಳ್ಳೋರು ಕೊನೆಗೆ ಸೇರಿದವರು, ಅಂದರೆ ಸೀನಿಯರ್‌ನ ನಂಬಿದ ಜೂನಿಯರ್‌ಗಳು. ಇಂಥ ಪಿರಮಿಡ್ ಯೋಜನೆಗಳನ್ನು 2021ರ ಗ್ರಾಹಕ ಸಂರಕ್ಷಣಾ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ಗುರುತಿಸೋಕೆ ಒಂದೇ ಪ್ರಶ್ನೆ ಸಾಕು: ಹೊಸಬರನ್ನ ಸೇರಿಸದೆ ಬರೀ ವಸ್ತು ಮಾರಿ ಲಾಭ ಬರುತ್ತಾ? ಬರೋದಾದರೆ ಅದು ವ್ಯಾಪಾರ. ಬರದಿದ್ದರೆ ಅಲ್ಲಿ ಮಾರಾಟ ಆಗ್ತಿರೋದು ನಮ್ಮ ಗೆಳೆಯರು.

ಈ ವಾರ ಒಂದು ಹಾಳೆ ತಗೊಂಡು, ಆರು ತಿಂಗಳಿಂದ ಮಾತಾಡಿಸದ ಹತ್ತು ಪರಿಚಯದವರ ಹೆಸರು ಬರೆಯೋಣ. ಮೊದಲ ಫೋನ್ ಮಾತ್ರ “ಹೇಗಿದ್ದೀಯಾ?” ಅಂತ ಕೇಳೋಕಿರಲಿ. ಟೀ-ಶರ್ಟ್ ವಿಷಯ ಆಮೇಲೆ.