ಮನೆಯ ಕಂಪ್ಯೂಟರಿಗೆ ಯು.ಪಿ.ಎಸ್. ಆರಿಸುವ ಬಗೆ

ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಕಂಪ್ಯೂಟರು ಈಗ ಕೌತುಕದ ವಸ್ತುವಾಗಿ ಉಳಿದಿಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ಊರುಗಳಲ್ಲಿ ಕಾಲೇಜು ಕಲಿಯುವ ಮಕ್ಕಳಿರುವ ಮನೆ, ಹಾಲಿನ ಸಂಘದ ಲೆಕ್ಕ ಬರೆಯುವವರ ಮನೆ, ಹೀಗೆ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಅದು ಬಂದು ಕೂತಿದೆ. ಸಾತಬಾರಾ ಉತಾರೆ ತೆಗೆಯುವುದು, ಪೀಕು ವಿಮೆಯ ಅರ್ಜಿ ತುಂಬುವುದು, ಮಕ್ಕಳ ಶಿಷ್ಯವೃತ್ತಿಯ ಕಾಗದ ಕಳಿಸುವುದು ಎಲ್ಲವೂ ಅದರ ಮೇಲೆಯೇ ನಡೆಯುತ್ತದೆ. ಇಂಥ ಅರ್ಜಿಗಳಿಗೆ ಕೊನೆಯ ದಿನವೆಂಬುದೊಂದು ಉಂಟು. ಆ ದಿನ ಸಂಜೆ ಅರ್ಜಿ ಅರ್ಧ ತುಂಬಿರುವಾಗ ಲೈಟು ಹೋದರೆ ಒಂದು ಹಂಗಾಮಿನ ವಿಮೆ, ಇಲ್ಲವೆ ಒಂದು ವರ್ಷದ ಶಿಷ್ಯವೃತ್ತಿ ಕೈ ತಪ್ಪಬಹುದು.

ಇದಕ್ಕೆ ಉಪಾಯವೆಂದರೆ ಯು.ಪಿ.ಎಸ್. ಎಂಬ ಬ್ಯಾಟರಿಯ ಪೆಟ್ಟಿಗೆ. ಆದರೆ ಪೇಟೆಯಲ್ಲಿ ಹಲವು ಬಗೆಯ ಪೆಟ್ಟಿಗೆಗಳಿವೆ. ದೊಡ್ಡದೇ ಒಳ್ಳೆಯದೆಂದು ಹೆಚ್ಚು ಹಣ ಸುರಿಯುವವರೂ, ಅಗ್ಗದ್ದನ್ನು ತಂದು ಆರು ತಿಂಗಳಿಗೆ ಮೂಲೆಗೆ ಇಡುವವರೂ ಇದ್ದಾರೆ. ಎರಡೂ ಆಗಕೂಡದು. ಎತ್ತು ಕೊಳ್ಳುವಾಗ ಹಲ್ಲು, ಸುಳಿ ನೋಡುವ ಒಕ್ಕಲಿಗನಿಗೆ ಇದನ್ನು ನೋಡಿ ಕೊಳ್ಳುವುದು ಕಠಿಣವೇನಲ್ಲ.

ಲೈಟು ಹೋದಾಗ ಆಗುವುದೇನು?

ಕಂಪ್ಯೂಟರು ತಾನು ಆ ಗಳಿಗೆಯಲ್ಲಿ ಮಾಡುತ್ತಿರುವ ಕೆಲಸವನ್ನು ಮೆಮರಿ ಎಂಬ ಭಾಗದಲ್ಲಿ ಇಟ್ಟುಕೊಂಡಿರುತ್ತದೆ. ವಿದ್ಯುತ್ತು ನಿಂತೊಡನೆ ಅಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ. ಸೇವ್ ಮಾಡಿ ಡಿಸ್ಕಿಗೆ ಇಳಿಸಿದ್ದು ಮಾತ್ರ ಉಳಿಯುತ್ತದೆ. ಡಿಸ್ಕಿನ ಮೇಲೆ ಬರೆಯುತ್ತಿರುವಾಗಲೇ ಲೈಟು ಹೋದರೆ ಆ ಕಡತ ಕೆಡಬಹುದು. ಕೆಲವೊಮ್ಮೆ ಕಂಪ್ಯೂಟರು ಮರಳಿ ಶುರುವಾಗುವುದೇ ಇಲ್ಲ.

ಯು.ಪಿ.ಎಸ್. ಲೈಟು ಇದ್ದಾಗ ತನ್ನ ಬ್ಯಾಟರಿಯನ್ನು ತುಂಬಿಕೊಳ್ಳುತ್ತದೆ. ಲೈಟು ಹೋದೊಡನೆ ಬ್ಯಾಟರಿಯ ವಿದ್ಯುತ್ತನ್ನು ಮನೆಯ ವಿದ್ಯುತ್ತಿನಂತೆ ೨೩೦ ವೋಲ್ಟಿಗೆ ಮಾರ್ಪಡಿಸಿ ಕೊಡುತ್ತದೆ. ಒಂದು ಮಾತನ್ನು ಮೊದಲೇ ತಿಳಿಯತಕ್ಕದ್ದು: ಸಣ್ಣ ಯು.ಪಿ.ಎಸ್. ಹಗೇವಲ್ಲ, ಬುತ್ತಿಯ ಗಂಟು. ಕೈಯಲ್ಲಿದ್ದ ಕೆಲಸ ಮುಗಿಸಿ, ಸೇವ್ ಮಾಡಿ, ಕಂಪ್ಯೂಟರನ್ನು ಸರಿಯಾಗಿ ಮುಚ್ಚಲು ಬೇಕಾದಷ್ಟು ಹೊತ್ತನ್ನು ಅದು ಕೊಡುತ್ತದೆ. ತಾಸುಗಟ್ಟಲೆ ಕೆಲಸಕ್ಕೆ ಅದು ಹುಟ್ಟಿದ್ದಲ್ಲ.

ಮೂರು ಜಾತಿಗಳು

೧. ಆಫ್‌ಲೈನ್: ಇದು ಎಲ್ಲಕ್ಕಿಂತ ಸಾದಾ. ಲೈಟು ಇರುವವರೆಗೆ ಅದನ್ನೇ ಕಂಪ್ಯೂಟರಿಗೆ ದಾಟಿಸುತ್ತದೆ. ಹೋದಾಗ ಬ್ಯಾಟರಿಗೆ ಬದಲಾಗುತ್ತದೆ. ವೋಲ್ಟೇಜು ತೀರ ಇಳಿದರೂ ಲೈಟು ಹೋಯಿತೆಂದೇ ತಿಳಿದು ಬ್ಯಾಟರಿಗೆ ಹೊರಳುತ್ತದೆ.

೨. ಲೈನ್ ಇಂಟರಾಕ್ಟಿವ್: ಇದರಲ್ಲಿ ವೋಲ್ಟೇಜನ್ನು ಏರಿಸುವ, ಇಳಿಸುವ ಏರ್ಪಾಡು ಕೂಡಿರುತ್ತದೆ. ಅಂಗಡಿಯವರು ಇದನ್ನು ಎ.ವಿ.ಆರ್. ಎನ್ನುತ್ತಾರೆ. ಸುಮಾರು ೧೪೫ರಿಂದ ೨೯೦ ವೋಲ್ಟಿನವರೆಗೆ ಬ್ಯಾಟರಿ ಮುಟ್ಟದೆಯೇ ನಿಭಾಯಿಸುವ ಪೆಟ್ಟಿಗೆಗಳು ಸಾಮಾನ್ಯವಾಗಿ ಸಿಗುತ್ತವೆ.

೩. ಆನ್‌ಲೈನ್: ಇದು ಯಾವಾಗಲೂ ತಾನೇ ವಿದ್ಯುತ್ತನ್ನು ಹೊಸದಾಗಿ ಮಾಡಿ ಕೊಡುತ್ತದೆ. ಬದಲಾಗುವ ಹೊತ್ತು ಸೊನ್ನೆ. ಬೆಲೆ ಬಹಳ, ಸದ್ದು ಬಹಳ. ಆಸ್ಪತ್ರೆ, ಬ್ಯಾಂಕುಗಳಿಗೆ ತಕ್ಕದ್ದು. ಮನೆಗೆ ಬೇಡ.

ಬದಲಾಗುವ ಹೊತ್ತಿನ ಮಾತು ಬಂತು. ಕಂಪ್ಯೂಟರಿನ ಪೆಟ್ಟಿಗೆಯೊಳಗಿನ ಎಸ್.ಎಂ.ಪಿ.ಎಸ್. ಎಂಬ ಭಾಗವು ಪೂರ್ತಿ ಹೇರಿದ್ದಾಗಲೂ ಸುಮಾರು ೧೬ ಮಿಲಿಸೆಕೆಂಡು ತಡೆದುಕೊಳ್ಳುವಂತೆ ಮಾಡಿರುತ್ತಾರೆ. ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಮೊದಲಿನ ಎರಡೂ ಜಾತಿಗಳು ಸಾಮಾನ್ಯವಾಗಿ ೧೦ ಮಿಲಿಸೆಕೆಂಡಿನೊಳಗೆ ಬದಲಾಗುವುದರಿಂದ ಕಂಪ್ಯೂಟರಿಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾದರೆ ನಮ್ಮ ಹಳ್ಳಿಗೆ ಯಾವುದು ತಕ್ಕದ್ದು? ಬಾವಿಯ ಪಂಪುಗಳು ಒಮ್ಮೆಲೇ ಶುರುವಾದಾಗ ಮನೆಯ ದೀಪ ಮಂಕಾಗುವುದನ್ನು ಎಲ್ಲರೂ ಕಂಡಿದ್ದೀರಿ. ಆಗ ಆಫ್‌ಲೈನ್ ಪೆಟ್ಟಿಗೆ ಮತ್ತೆ ಮತ್ತೆ ಬ್ಯಾಟರಿಗೆ ಹೊರಳುತ್ತದೆ. ದೀಪ ಉರಿಯುತ್ತಿರುವಾಗಲೇ ಬ್ಯಾಟರಿ ಬರಿದಾಗುತ್ತದೆ. ಲೈಟು ನಿಜವಾಗಿ ಹೋದಾಗ ಕೊಡಲು ಏನೂ ಉಳಿದಿರುವುದಿಲ್ಲ. ಹೀಗಾಗಿ ವೋಲ್ಟೇಜು ಏರಿಳಿಯುವ ಊರಿಗೆ ಲೈನ್ ಇಂಟರಾಕ್ಟಿವ್ ಜಾತಿಯೇ ಯೋಗ್ಯ.

ಹೇರಿನ ಲೆಕ್ಕ

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ೬೦೦ ವಿ.ಎ. ಎಂದಿರುತ್ತದೆ. ಇದನ್ನು ನೋಡಿ ಮೋಸ ಹೋಗಬಾರದು. ಅದು ಎಳೆಯಬಲ್ಲ ನಿಜವಾದ ಹೇರು ವ್ಯಾಟಿನಲ್ಲಿ ಬೇರೆಯೇ ಇರುತ್ತದೆ. ೬೦೦ ವಿ.ಎ. ಪೆಟ್ಟಿಗೆ ಸಾಮಾನ್ಯವಾಗಿ ೩೬೦ ವ್ಯಾಟ್, ೧೦೦೦ ವಿ.ಎ. ಪೆಟ್ಟಿಗೆ ೬೦೦ ವ್ಯಾಟ್ ಎಳೆಯುತ್ತದೆ. ಸಣ್ಣ ಅಕ್ಷರದಲ್ಲಿ ಬರೆದ ವ್ಯಾಟನ್ನೇ ಹುಡುಕಿ ಓದಬೇಕು.

ಇನ್ನು ನಮ್ಮ ಹೇರು. ಆಟಕ್ಕೂ ಚಿತ್ರ ತಯಾರಿಕೆಗೂ ಬೇಕಾದ ಗ್ರಾಫಿಕ್ಸ್ ಕಾರ್ಡು ಇಲ್ಲದ ಸಾದಾ ಕಂಪ್ಯೂಟರು ಸುಮಾರು ೮೦ ವ್ಯಾಟ್, ಎಲ್.ಇ.ಡಿ. ಪರದೆ ೨೦ ವ್ಯಾಟ್, ಇಂಟರ್‌ನೆಟ್ಟಿನ ರೌಟರು ೧೦ ವ್ಯಾಟ್. ಒಟ್ಟು ೧೧೦ ವ್ಯಾಟ್. ಎಸ್.ಎಂ.ಪಿ.ಎಸ್. ಮೇಲೆ ೪೫೦ ವ್ಯಾಟ್ ಎಂದು ಬರೆದಿದ್ದರೆ ಗಾಬರಿ ಬೀಳಬೇಡಿ. ಅದು ಬಂಡಿ ಹೊರಬಲ್ಲ ಭಾರವೇ ಹೊರತು ಬಂಡಿಯಲ್ಲಿ ಹೇರಿದ ಭಾರವಲ್ಲ.

ಎತ್ತಿನ ಶಕ್ತಿ ಪೂರ್ತಿ ತೀರುವಂತೆ ಯಾರೂ ಹೇರುವುದಿಲ್ಲ. ಹೇರಿನ ಒಂದೂವರೆ ಪಟ್ಟು ಶಕ್ತಿ ಪೆಟ್ಟಿಗೆಗೆ ಇರಲಿ. ೧೧೦ರ ಒಂದೂವರೆ ಪಟ್ಟು ೧೬೫ ವ್ಯಾಟ್. ಆದಕಾರಣ ೩೬೦ ವ್ಯಾಟಿನ ೬೦೦ ವಿ.ಎ. ಪೆಟ್ಟಿಗೆ ಸಾದಾ ಕಂಪ್ಯೂಟರಿಗೆ ಧಾರಾಳವಾಗಿ ಸಾಕು. ಲೇಸರ್ ಪ್ರಿಂಟರು, ಇಸ್ತ್ರಿ ಪೆಟ್ಟಿಗೆ, ಮಿಕ್ಸರುಗಳನ್ನು ಮಾತ್ರ ಅದಕ್ಕೆ ಕಟ್ಟಕೂಡದು. ಅವು ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತವೆ.

ಎಷ್ಟು ಹೊತ್ತು ನಡೆಯುತ್ತದೆ?

೬೦೦ ವಿ.ಎ. ಪೆಟ್ಟಿಗೆಯಲ್ಲಿ ಹೆಚ್ಚಾಗಿ ೧೨ ವೋಲ್ಟ್, ೭ ಆಂಪಿಯರ್-ತಾಸಿನ ಒಂದು ಬ್ಯಾಟರಿ ಇರುತ್ತದೆ. ೧೨ನ್ನು ೭ರಿಂದ ಗುಣಿಸಿದರೆ ೮೪ ವ್ಯಾಟ್-ತಾಸು. ಇದು ಕಾಗದದ ಮೇಲಿನ ಲೆಕ್ಕ. ಆ ೭ ಎಂಬುದು ಬ್ಯಾಟರಿಯನ್ನು ೨೦ ತಾಸು ಸಾವಕಾಶವಾಗಿ ಬಳಸಿದಾಗ ಸಿಗುವ ಪ್ರಮಾಣ. ಅರ್ಧ ತಾಸಿನೊಳಗೆ ಎಳೆದುಕೊಂಡರೆ ಅಷ್ಟು ಸಿಗುವುದಿಲ್ಲ. ಮಾರ್ಪಡಿಸುವಾಗಲೂ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಅಂತೂ ರೂಪಾಯಿಗೆ ಏಳೆಂಟಾಣೆ ಮಾತ್ರ ಕೈಗೆ ಹತ್ತುತ್ತದೆ. ಸುಮಾರು ೩೮ ವ್ಯಾಟ್-ತಾಸು ಎಂದು ಹಿಡಿಯೋಣ. ೧೧೦ ವ್ಯಾಟಿನ ಹೇರಿಗೆ ಇದು ೨೦ ನಿಮಿಷ. ಬ್ಯಾಟರಿ ಹಳತಾದಂತೆ ಇದು ೧೦ ನಿಮಿಷಕ್ಕೆ ಇಳಿಯುತ್ತದೆ. ೧೦೦೦ ವಿ.ಎ. ಸುಮಾರಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇಂಥ ಎರಡು ಬ್ಯಾಟರಿಗಳಿರುವುದರಿಂದ ಹೊತ್ತು ಇಮ್ಮಡಿಯಾಗುತ್ತದೆ.

ಮನೆ ಯಾವ ಲೈನಿನ ಮೇಲಿದೆ?

ಕೊಳ್ಳುವ ಮುಂಚೆ ಒಂದು ವಾರ ಲೈಟು ಎಷ್ಟು ಸಲ ಹೋಯಿತು, ಎಷ್ಟು ಹೊತ್ತು ಹೋಯಿತು ಎಂದು ಬರೆದಿಡಿ. ಹತ್ತು-ಹದಿನೈದು ನಿಮಿಷದ ತೊಂದರೆಯಾದರೆ ಮೇಲೆ ಹೇಳಿದ ಯು.ಪಿ.ಎಸ್. ಸಾಕು.

ಎರಡು-ಮೂರು ತಾಸು ಹೋಗುವ ಊರಾದರೆ ಮನೆಯ ದೀಪ, ಫ್ಯಾನುಗಳಿಗೂ ಸೇರಿ ೧೦೦ರಿಂದ ೧೫೦ ಆಂಪಿಯರ್-ತಾಸಿನ ಬ್ಯಾಟರಿಯ ಇನ್ವರ್ಟರು ಹಾಕಿಸುವುದು ಲೇಸು. ಅದು ಪ್ಯೂರ್ ಸೈನ್‌ವೇವ್ ಜಾತಿಯದಾಗಿರಲಿ, ಹಿಂಬದಿಗೆ ಯು.ಪಿ.ಎಸ್. ಮೋಡ್ ಎಂಬ ಗುಂಡಿ ಇರಲಿ. ಆ ಗುಂಡಿ ಒತ್ತಿದಾಗ ಅದು ಬೇಗ ಬದಲಾಗುತ್ತದೆ. ಸಾದಾ ಮೋಡಿನಲ್ಲಿ ತಡವಾಗಿ ಬದಲಾಗುವುದರಿಂದ ಕಂಪ್ಯೂಟರು ಬಂದಾಗಬಹುದು.

ಹೊಲದ ವಸ್ತಿಯ ಮನೆ ಪಂಪಿನ ಲೈನಿನ ಮೇಲಿದ್ದು, ದಿನಕ್ಕೆ ಕೆಲವೇ ತಾಸು ವಿದ್ಯುತ್ತು ಬರುವಂತಿದ್ದರೆ ಯು.ಪಿ.ಎಸ್. ಕೊಂಡು ಉಪಯೋಗವಿಲ್ಲ. ಅಂಥವರು ಕಂಪ್ಯೂಟರಿನ ಬದಲು ಲ್ಯಾಪ್‌ಟಾಪು ಕೊಳ್ಳುವುದೇ ಮೇಲು. ಅದರ ಹೊಟ್ಟೆಯಲ್ಲೇ ಬ್ಯಾಟರಿ ಉಂಟು. ರೌಟರಿಗೆ ಮಾತ್ರ ಒಂದು ಸಣ್ಣ ಡಿ.ಸಿ. ಯು.ಪಿ.ಎಸ್. ಸಾಕು. ಕೊಳ್ಳುವಾಗ ರೌಟರಿನ ಮೇಲೆ ಬರೆದ ವೋಲ್ಟು, ಆಂಪಿಯರುಗಳನ್ನು ತಾಳೆ ನೋಡಬೇಕು. ೯ ವೋಲ್ಟಿನ ರೌಟರಿಗೆ ೧೨ ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗಬಹುದು.

ಅಂಗಡಿಯಲ್ಲಿ ಕೇಳತಕ್ಕ ಮಾತುಗಳು

ಒಂದು, ವ್ಯಾಟ್ ಎಷ್ಟು? ಎರಡು, ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಬ್ಯಾಟರಿ ಮುಟ್ಟದೆ ನಡೆಯುತ್ತದೆ? ಮೂರು, ಬ್ಯಾಟರಿ ತಯಾರಾದ ತಿಂಗಳು ಯಾವುದು? ತುಂಬಿಸದೆ ಅಂಗಡಿಯಲ್ಲಿ ಆರೆಂಟು ತಿಂಗಳು ಕೂತ ಸೀಸದ ಬ್ಯಾಟರಿ ಹೊಸದಾದರೂ ಹಳೆಯದೇ. ನಾಲ್ಕು, ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಐ.ಎಸ್. ೧೬೨೪೨ ಎಂಬ ಅಂಕೆ ಇದೆಯೇ? ಐದು, ಕಂಪ್ಯೂಟರಿನ ಎಸ್.ಎಂ.ಪಿ.ಎಸ್. ಆಕ್ಟಿವ್ ಪಿ.ಎಫ್.ಸಿ. ಜಾತಿಯದಾಗಿದ್ದರೆ ಈ ಪೆಟ್ಟಿಗೆ ಅದಕ್ಕೆ ಹೊಂದುತ್ತದೆಯೇ? ಅಗ್ಗದ ಯು.ಪಿ.ಎಸ್.ಗಳ ಮೆಟ್ಟಿಲು ಅಲೆಯ ವಿದ್ಯುತ್ತಿಗೆ ಅಂಥ ಕೆಲವು ಎಸ್.ಎಂ.ಪಿ.ಎಸ್.ಗಳು ಒಗ್ಗದೆ ಬಂದಾಗುತ್ತವೆ. ಅವುಗಳಿಗೆ ಸೈನ್‌ವೇವ್ ಯು.ಪಿ.ಎಸ್. ಬೇಕು.

ಆರನೆಯದು ಗಡಿನಾಡಿನವರು ಮರೆಯಬಾರದ ಮಾತು. ವಿಜಯಪುರದಲ್ಲಿ ತಂದರೂ ಸರಿ, ಸೋಲಾಪುರದಲ್ಲಿ ತಂದರೂ ಸರಿ, ಕೆಟ್ಟಾಗ ದುರಸ್ತಿಯ ಕೇಂದ್ರ ನಿಮಗೆ ಹತ್ತಿರ ಎಲ್ಲಿದೆ ಎಂದು ಕೇಳಿಕೊಳ್ಳಿ. ೨೦೧೭ರ ಜುಲೈ ೧ರಿಂದ ಜಿ.ಎಸ್.ಟಿ. ಬಂದಿರುವುದರಿಂದ ಒಂದು ವಸ್ತುವಿಗೆ ಎರಡೂ ರಾಜ್ಯಗಳಲ್ಲಿ ಒಂದೇ ದರದ ತೆರಿಗೆ. ಆಚೆ ತೆರಿಗೆ ಕಡಿಮೆ ಎಂಬ ಮಾತಿಗೆ ಮರುಳಾಗಬೇಡಿ. ಪಾವತಿಯನ್ನೂ ವಾರಂಟಿಯ ಕಾಗದವನ್ನೂ ತಾರೀಖು ಹಾಕಿಸಿ ತೆಗೆದಿಡಿ.

ಆರೈಕೆ

ಸೀಸದ ಬ್ಯಾಟರಿಗೆ ಬಿಸಿಲೇ ವೈರಿ. ೨೫ ಡಿಗ್ರಿಯ ಮೇಲೆ ಪ್ರತಿ ೧೦ ಡಿಗ್ರಿ ಶಾಖ ಏರಿದರೆ ಅದರ ಆಯುಷ್ಯ ಸುಮಾರು ಅರ್ಧವಾಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವುದು ವಾಡಿಕೆ. ಹೀಗಿರುವಲ್ಲಿ ಪೆಟ್ಟಿಗೆಯನ್ನು ತಗಡಿನ ಮಾಡದ ಕೆಳಗೆ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ. ತಂಪಾದ ಮೂಲೆಯಲ್ಲಿ, ಗೋಡೆಯಿಂದ ಒಂದು ಗೇಣು ದೂರ, ಗಾಳಿ ಆಡುವಂತೆ ಇಡಿ. ಹೀಗಿಟ್ಟರೂ ಎರಡು-ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನು ಲೆಕ್ಕದಲ್ಲಿ ಹಿಡಿದಿರಿ. ಪೆಟ್ಟಿಗೆ ಬದಲಿಸಬೇಕಾಗಿಲ್ಲ, ಬ್ಯಾಟರಿ ಮಾತ್ರ ಸಾಕು.

ಹೊಸದನ್ನು ತಂದ ದಿನ ಏಳೆಂಟು ತಾಸು ತುಂಬಿಸಿ ಆಮೇಲೆ ಬಳಸಿ. ಮೂರು ತಿಂಗಳಿಗೊಮ್ಮೆ ಕೆಲಸವನ್ನೆಲ್ಲ ಸೇವ್ ಮಾಡಿ, ಗೋಡೆಯ ಸ್ವಿಚ್ಚು ಆರಿಸಿ, ಎಷ್ಟು ನಿಮಿಷ ನಡೆಯುತ್ತದೆಂದು ಗಡಿಯಾರ ನೋಡಿ. ಪ್ಲಗ್ಗು ಕಿತ್ತರೆ ಅರ್ಥಿಂಗ್ ತಪ್ಪುತ್ತದೆ. ಆದ್ದರಿಂದ ಸ್ವಿಚ್ಚನ್ನೇ ಆರಿಸಬೇಕು. ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯ ಕಾಲ ಮುಗಿಯಿತೆಂದು ತಿಳಿಯಿರಿ.

ಅರ್ಥಿಂಗ್ ಇಲ್ಲದ ಮನೆಯಲ್ಲಿ ಮೊದಲು ಅದನ್ನು ಮಾಡಿಸಬೇಕು, ಯು.ಪಿ.ಎಸ್. ಆಮೇಲೆ. ಸಿಡಿಲಿಗೆ ಯು.ಪಿ.ಎಸ್. ತಡೆಯಲ್ಲ; ದೂರದಲ್ಲಿ ಗುಡುಗು ಕೇಳಿದೊಡನೆ ಕಂಪ್ಯೂಟರನ್ನು ಮುಚ್ಚಿ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟಬೇಡಿ. ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಕೂಡದು, ಒಡೆದು ಸೀಸ ತೆಗೆಯಲೂ ಕೂಡದು. ಸೀಸವು ಮಕ್ಕಳ ಮಿದುಳಿಗೆ ವಿಷ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಮುರಿಸಿಕೊಳ್ಳಿ.

ಅಭ್ಯಾಸಕ್ಕೆ ಎರಡು ಲೆಕ್ಕ

ಮಕ್ಕಳ ಕೈಯಿಂದ ಬಿಡಿಸಿರಿ. (೧) ಕಂಪ್ಯೂಟರು ೭೦, ಪರದೆ ೨೦, ರೌಟರು ೧೦ ವ್ಯಾಟ್. ೬೦೦ ವಿ.ಎ. ಪೆಟ್ಟಿಗೆ ಸಾಕೇ? ಎಷ್ಟು ನಿಮಿಷ? (೨) ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರು ೨೬೦, ಪರದೆ ೩೦, ರೌಟರು ೧೦ ವ್ಯಾಟ್. ಯಾವ ಪೆಟ್ಟಿಗೆ ಬೇಕು?

ಉತ್ತರ: (೧) ಸಾಕು; ಹೊಸ ಬ್ಯಾಟರಿಗೆ ಸುಮಾರು ೨೩ ನಿಮಿಷ. (೨) ಒಟ್ಟು ೩೦೦, ಒಂದೂವರೆ ಪಟ್ಟು ೪೫೦ ವ್ಯಾಟ್. ಆದ್ದರಿಂದ ೬೦೦ ವ್ಯಾಟಿನ ೧೦೦೦ ವಿ.ಎ. ಪೆಟ್ಟಿಗೆ.

ಕೊನೆಗೊಂದು ಮಾತು. ಯು.ಪಿ.ಎಸ್. ಇದ್ದರೂ ಅರ್ಜಿಯನ್ನು ಕೊನೆಯ ದಿನಕ್ಕೆ ಇಡಬೇಡಿ. ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವುದನ್ನು ಬಿಡಬೇಡಿ. ಹದ ನೋಡಿ ಬಿತ್ತುವವನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.